ಎಲ್ಲ ಇದ್ದೂ ಏನೋ ಕಮ್ಮಿ ಅನ್ನಿಸುತ್ತಿದ್ದರೆ

ಓದು ಮುಗಿದಿದೆ, ಕೆಲಸ ಇದೆ, ಮನೆಯಲ್ಲೂ ತೊಂದರೆ ಇಲ್ಲ, ಆದರೂ ಬದುಕಿನ ಗುರಿ ಏನು ಅಂತ ಗೊತ್ತಾಗುತ್ತಿಲ್ಲ, ಅದು ಸಿಗುವ ತನಕ ನೆಮ್ಮದಿ ಹೇಗೆ ಬರುತ್ತೆ ಅಂತ ಕೇಳಿದ್ದೀರಿ. ಆ ಕೊನೆಯ ಮಾತಿಗೇ ನನ್ನ ತಕರಾರು.

ಗುರಿ ಬೇರೆ, ನೆಮ್ಮದಿ ಬೇರೆ. ಒಂದಕ್ಕೊಂದು ಗಂಟು ಹಾಕಿದರೆ ಎರಡೂ ಕೈಗೆ ಸಿಗುವುದಿಲ್ಲ. ಏನೋ ದೊಡ್ಡದು ಸಿಕ್ಕ ದಿನದಿಂದ ತೃಪ್ತಿ ಶುರುವಾಗುತ್ತೆ ಅಂತ ಕಾಯುವವರು ಅದು ಸಿಕ್ಕ ಮೇಲೆ ಇನ್ನೊಂದಕ್ಕೆ ಕಾಯುತ್ತಾರೆ. ಮನಸ್ಸು ಎಂಥದಕ್ಕಾದರೂ ಬೇಗ ಒಗ್ಗಿಹೋಗುತ್ತೆ, ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಯವರು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿ 1978ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗೆದ್ದವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಖುಷಿಯಾಗೇನೂ ಇರಲಿಲ್ಲ. ಅಷ್ಟೇ ಅಲ್ಲ, ಗೆಳೆಯರ ಜೊತೆ ಮಾತು, ಬೆಳಗಿನ ತಿಂಡಿ, ಒಂದು ಜೋಕ್ ಕೇಳುವುದು, ಇಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಮ್ಮಿ ಇತ್ತು. ಸಣ್ಣ ಗುಂಪು, ಅದನ್ನೇ ವೇದವಾಕ್ಯ ಅನ್ನಲಾರೆ. ಆದರೆ ಆ ಎರಡನೇ ಸಂಗತಿ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ.

ಇನ್ನು ಗುರಿಯ ವಿಷಯ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ನಾಜಿಗಳ ಶಿಬಿರಗಳಲ್ಲಿ ಬದುಕುಳಿದು 1945ರಲ್ಲಿ ಹೊರಬಂದವರು. ಬದುಕಿನ ಅರ್ಥ ಏನು ಅಂತ ನಾವು ಕೇಳುವುದಲ್ಲ, ಬದುಕೇ ನಮ್ಮನ್ನು ಕೇಳುತ್ತಿದೆ, ನಾವು ಉತ್ತರ ಕೊಡಬೇಕು ಅನ್ನುವುದು ಅವರ ವಾದ. ಮಾಡುವ ಕೆಲಸ, ಪ್ರೀತಿಸುವ ಜನ, ತಪ್ಪಿಸಿಕೊಳ್ಳಲಾಗದ ಕಷ್ಟವನ್ನು ಎದುರಿಸುವ ರೀತಿ, ಈ ಮೂರು ದಾರಿಯಲ್ಲಿ ಅರ್ಥ ಸಿಗುತ್ತೆ ಅಂದರು. ಗಮನಿಸಿ, ಮೂರೂ ನಮ್ಮ ಹೊರಗಿನ ಏನನ್ನೋ ಮುಟ್ಟುತ್ತವೆ. ಸುಮ್ನೆ ಕೂತು ಒಳಗೆ ಹುಡುಕಿದರೆ ಸಿಗುವ ವಸ್ತು ಅಲ್ಲ ಇದು.

ನನಗೆ ಇದು ಅರಿವಾಗಿದ್ದು ಪಕ್ಕದ ಮನೆಯ ಹುಡುಗಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡುವಾಗ. ಮೂರನೇ ಒಂದು ಭಾಗಕ್ಕಿಂತ ನಾಲ್ಕನೇ ಒಂದು ಭಾಗ ದೊಡ್ಡದು ಅಂತ ಹಟ ಹಿಡಿದಿದ್ದಳು, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಂತ. ಕಾಗದದ ಎರಡು ಪಟ್ಟಿ ಕೊಟ್ಟು ಒಂದನ್ನು ಮೂರು ಮಡಿಕೆ, ಇನ್ನೊಂದನ್ನು ನಾಲ್ಕು ಮಡಿಕೆ ಮಾಡು ಅಂದೆ. ಮೂರು ಸಮ ಮಡಿಕೆ ಸುಲಭವಲ್ಲ, ಬಿಚ್ಚಿ ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಐದು ಮಡಿಸಿದ್ರೆ ಇನ್ನೂ ಚಿಕ್ಕದಾಗುತ್ತಾ ಅಂಕಲ್?" ಅಂದಳು. ಆ ಪ್ರಶ್ನೆ ನಾನು ಹೇಳಿಕೊಟ್ಟಿದ್ದಲ್ಲ, ಅವಳದ್ದೇ. ನಾನು ಯಾಕಿದ್ದೇನೆ ಅನ್ನುವ ಯೋಚನೆ ಆ ಹೊತ್ತಿನಲ್ಲಿ ಹತ್ತಿರವೂ ಸುಳಿಯಲಿಲ್ಲ. ಪಾಠ ಹೇಳುವುದೇ ನನ್ನ ಜೀವನದ ಗುರಿ ಅಂತ ನಾನು ಘೋಷಿಸಿಕೊಂಡಿಲ್ಲ, ಆದರೆ ಆಮೇಲೆ ಇನ್ನೂ ಇಬ್ಬರು ಮಕ್ಕಳು ಬರತೊಡಗಿದರು, ಈಗ ಸಂಜೆ ಆಗುವುದನ್ನೇ ಕಾಯುತ್ತೇನೆ.

ಹಾಗಾಗಿ ನಿಮಗೆ ಹೇಳುವುದಿಷ್ಟು. ನೀವು ಇಲ್ಲದಿದ್ದರೆ ಯಾರಿಗಾದರೂ ಕೊರತೆ ಆಗುವಂಥ ಒಂದು ಸಣ್ಣ ಕೆಲಸ ಹಿಡಿಯಿರಿ. ವಯಸ್ಸಾದವರಿಗೆ ಪತ್ರಿಕೆ ಓದಿ ಹೇಳುವುದಾಗಲಿ, ಯಾರದೋ ಅರ್ಜಿ ತುಂಬಿಕೊಡುವುದಾಗಲಿ, ನಿಮಗೆ ಚೆನ್ನಾಗಿ ಬರುವ ಯಾವುದಾದರೂ ಸರಿ. ಇದೇನಾ ನನ್ನ ಗುರಿ ಅಂತ ವಾರವಾರ ಅಳೆಯಬೇಡಿ, ಅದು ಗಿಡ ನೆಟ್ಟು ದಿನಾ ಕಿತ್ತು ಬೇರು ನೋಡಿದ ಹಾಗೆ. ಜೊತೆಯವರು ಎಲ್ಲಿ ತಲುಪಿದರು ಅಂತ ಫೋನಿನಲ್ಲಿ ನೋಡುವುದನ್ನೂ ಕಮ್ಮಿ ಮಾಡಿ. ನೆಮ್ಮದಿಯನ್ನು ಜಾಸ್ತಿ ತಿನ್ನುವುದು ಆ ಹೋಲಿಕೆಯೇ.

ಒಂದು ವಿಷಯ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಮೊದಲು ಇಷ್ಟಪಡುತ್ತಿದ್ದ ಯಾವುದೂ ರುಚಿಸದೆ, ನಿದ್ದೆ, ಹಸಿವು ಎರಡೂ ಕೆಟ್ಟು, ಎರಡು ವಾರಕ್ಕಿಂತ ಜಾಸ್ತಿ ಹಾಗೇ ಇದ್ದರೆ ಅದು ಗುರಿಯ ಪ್ರಶ್ನೆ ಅಲ್ಲದೇ ಇರಬಹುದು, ಖಿನ್ನತೆ ಇರಬಹುದು. ಆಗ ನನ್ನಂಥವರ ಉತ್ತರ ಓದುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ಒಬ್ಬರೇ ಹೋಗಲು ಮನಸ್ಸಾಗದಿದ್ದರೆ ಹತ್ತಿರದವರೊಬ್ಬರನ್ನು ಕರೆದುಕೊಂಡು ಹೋಗಿ.