ಬೀಟಾ-ಲ್ಯಾಕ್ಟಮೇಸ್ ತಡೆಯುವ ಸಂಶೋಧನೆಗೆ ಯಾವ ಗಿಡ ಒಳ್ಳೆಯದು?

ಮಂಡ್ಯ ಸುತ್ತಮುತ್ತಲಿನ ಯಾವ ಗಿಡದ ಸಾರದಿಂದ ಬೀಟಾ-ಲ್ಯಾಕ್ಟಮೇಸ್ ಅನ್ನು, ಅಂದರೆ ಬ್ಯಾಕ್ಟೀರಿಯಾಗಳಲ್ಲಿರುವ ಆಂಟಿಬಯೋಟಿಕ್ ನಾಶಮಾಡುವ ಕಿಣ್ವವನ್ನು, ತಡೆಯಬಹುದು ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಪಿಎಚ್.ಡಿ.ಗೆ ಸೇರಿದಾಗ ನನಗೂ ಇದೇ ಪ್ರಶ್ನೆಯಿತ್ತು, ನಾನು ವೀಳ್ಯದೆಲೆಯನ್ನು ಆರಿಸಿಕೊಂಡೆ. ದೇವರಾಜ ಮಾರುಕಟ್ಟೆಯಿಂದ ತಂದ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಮೆಥನಾಲಿನಲ್ಲಿ ಸಾರ ತೆಗೆದು, ಬೀಟಾ-ಲ್ಯಾಕ್ಟಮೇಸ್ ಜೊತೆ ಬೆರೆಸಿ ಕಿಣ್ವ ಒಡೆದಾಗ ಬಣ್ಣ ಬದಲಿಸುವ ನೈಟ್ರೋಸೆಫಿನ್ ಹಾಕಿದೆ. ಕಿಣ್ವ ಚುರುಕಾಗಿದ್ದರೆ ಹಳದಿ ದ್ರಾವಣ ಕೆಂಪಾಗುತ್ತದೆ. ನನ್ನ ಪ್ಲೇಟಿನಲ್ಲಿ ಅದು ಹಳದಿಯಾಗಿಯೇ ಉಳಿಯಿತು, ಸಾರ ಕಿಣ್ವವನ್ನು ತಡೆದಿದೆ ಎಂದುಕೊಂಡೆ.

ನಾನು ಎಡವಿದ್ದು ಬಫರ್‌ನಲ್ಲಿ, ಅಂದರೆ ಪ್ರಯೋಗ ನಡೆಸುವ ದ್ರಾವಣದಲ್ಲಿ. ಎಲೆಯ ಸಾರದಲ್ಲಿರುವ ಪಾಲಿಫಿನಾಲ್‌ಗಳು ನೀರಿನಲ್ಲಿ ಒಟ್ಟುಗೂಡಿ ಸೂಕ್ಷ್ಮ ಕಣಗಳಾಗುತ್ತವೆ, ಕಿಣ್ವ ಆ ಕಣಗಳಿಗೆ ಅಂಟಿಕೊಂಡು ಸುಮ್ಮನಾಗುತ್ತದೆ. ಇದು ಯಾವ ಕಿಣ್ವಕ್ಕಾದರೂ ಆಗಬಹುದಾದದ್ದು, ಬೀಟಾ-ಲ್ಯಾಕ್ಟಮೇಸ್‌ಗೇ ವಿಶೇಷವಾದ ತಡೆಯಲ್ಲ. ಶೇಕಡಾ 0.01ರಷ್ಟು ಟ್ರೈಟಾನ್ ಎಕ್ಸ್-100 ಡಿಟರ್ಜೆಂಟ್ ಸೇರಿಸಿದ್ದರೆ ಆ ಕಣಗಳು ಚದುರಿ ನಿಜ ತಿಳಿಯುತ್ತಿತ್ತು. ನಾನು ಸೇರಿಸಿರಲಿಲ್ಲ. ಲೇಖನದ ವಿಮರ್ಶಕರು ಕೇಳಿದ ಮೇಲೆ ಸೇರಿಸಿ ನೋಡಿದರೆ ಪ್ಲೇಟಿನ ಗುಳಿಗಳೆಲ್ಲ ಕೆಂಪಾದವು. ಅಷ್ಟರಲ್ಲಿ ಫೆಲೋಶಿಪ್‌ನ ಬಹುಪಾಲು ಅವಧಿ ಮುಗಿದಿತ್ತು.

ಆದ್ದರಿಂದ ಗಿಡದಿಂದ ಆರಂಭಿಸಬೇಡಿ, ಕಿಣ್ವದಿಂದ ಆರಂಭಿಸಿ. ಅಮಾಕ್ಸಿಸಿಲಿನ್ ಜೊತೆ 1981ರಲ್ಲಿ ಮಾರುಕಟ್ಟೆಗೆ ಬಂದ ಕ್ಲಾವುಲಾನಿಕ್ ಆಮ್ಲ ದೊರೆತದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ. ಅದು ಕಿಣ್ವದ ಸೆರಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡು ಕಿಣ್ವದ ಕೆಲಸ ನಿಲ್ಲಿಸುತ್ತದೆ. ಆದರೆ 2009ರಲ್ಲಿ ವರದಿಯಾದ ಎನ್‌ಡಿಎಂ-1 ಎಂಬ ಬೀಟಾ-ಲ್ಯಾಕ್ಟಮೇಸ್ ಸೆರಿನ್ ಬದಲು ಸತುವಿನ ನೆರವಿನಿಂದ ಔಷಧವನ್ನು ಒಡೆಯುವ ಕಿಣ್ವವಾದ್ದರಿಂದ ಕ್ಲಾವುಲಾನಿಕ್ ಆಮ್ಲವಾಗಲಿ, ಕಿಣ್ವ ತಡೆಯುವ ಹೊಸ ಔಷಧ ಅವಿಬ್ಯಾಕ್ಟಮ್ ಆಗಲಿ ಅದನ್ನು ತಡೆಯಲಾರದು. ಅಜ್ಟ್ರಿಯೊನಾಮ್ ಎಂಬ ಆಂಟಿಬಯೋಟಿಕ್ ಅನ್ನು ಎನ್‌ಡಿಎಂ ಒಡೆಯಲಾರದು, ಆದರೆ ಅದೇ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಜೊತೆಗಿರುವ ಸೆರಿನ್ ಕಿಣ್ವಗಳು ಒಡೆಯುತ್ತವೆ. ಅವುಗಳನ್ನು ಅವಿಬ್ಯಾಕ್ಟಮ್ ತಡೆಯುವುದರಿಂದ ಈ ಎರಡರ ಜೋಡಿಗೆ 2024ರಲ್ಲಿ ಯುರೋಪಿನಲ್ಲಿ ಅನುಮತಿ ದೊರೆತಿದೆ. ಇಷ್ಟು ಲೆಕ್ಕ ಹಾಕಿ ಕಟ್ಟಿದ ಚಿಕಿತ್ಸೆಯ ಮುಂದೆ "ಇಂಥ ಗಿಡದ ಸಾರ ಪ್ರತಿರೋಧವನ್ನು ಗೆಲ್ಲುತ್ತದೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಗಿಡವೇ ಬೇಕೆಂದಿದ್ದರೆ ಮೊದಲ ಪ್ರಯೋಗದಿಂದಲೇ ಟ್ರೈಟಾನ್ ಹಾಕಿ, ಸಂಬಂಧವಿಲ್ಲದ ಇನ್ನೊಂದು ಕಿಣ್ವದ ಮೇಲೂ ಅದೇ ಸಾರವನ್ನು ಪರೀಕ್ಷಿಸಿ. ಎರಡನ್ನೂ ತಡೆದರೆ ಆ ಸಾರವನ್ನು ಕೈಬಿಡಿ.