ಉಪ್ಪು ಬಂತೆಂದು ಕರಿಬೇವಿಗೆ ಹೇಗೆ ಗೊತ್ತಾಗುತ್ತದೆ?

ವೈಟ್‌ಫೀಲ್ಡ್ ಫ್ಲಾಟಿನಲ್ಲಿ ಸಾಫ್ಟನರ್ (ಗಡುಸು ನೀರನ್ನು ಮೆದು ಮಾಡುವ ಯಂತ್ರ) ನೀರು ಹಾಕಿದ ಮೇಲೆ ಕರಿಬೇವಿನ ಎಲೆಯಂಚು ಸುಟ್ಟಂತಾಗಿದೆ, ಉಪ್ಪು ಬಂದಿದ್ದು ಗಿಡಕ್ಕೆ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಗೊತ್ತಾಗುತ್ತದೆ, ಅದೂ ಸೆಕೆಂಡುಗಳಲ್ಲಿ.

ಬೇರಿಗೆ ಉಪ್ಪು ತಾಗಿದ ಕೂಡಲೇ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಅದೇ ಮೊದಲ ಕೂಗು. ಅರಾಬಿಡಾಪ್ಸಿಸ್ ಅಂತ ಸಾಸಿವೆ ಕುಟುಂಬದ ಪುಟ್ಟ ಗಿಡವೊಂದಿದೆ. ಅದರ ಬೇರಿನಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 0.4 ಮಿಲಿಮೀಟರ್ ಓಡುವುದನ್ನು 2014ರಲ್ಲಿ ತೋರಿಸಿದರು. ನರವೇ ಇಲ್ಲದ ಜೀವಕ್ಕೆ ಇದೇನು ಕಮ್ಮಿ ವೇಗವಲ್ಲ, ಅಲ್ವಾ?

ಆ ಕ್ಯಾಲ್ಸಿಯಂ ಅನ್ನು ಎಸ್‌ಒಎಸ್3 ಎಂಬ ಪ್ರೋಟೀನ್ ಹಿಡಿದುಕೊಂಡು ಎಸ್‌ಒಎಸ್2 ಅನ್ನು ಎಬ್ಬಿಸುತ್ತದೆ. ಅದು ಹೋಗಿ ಎಸ್‌ಒಎಸ್1ಗೆ ಫಾಸ್ಫೇಟ್ ಅಂಟಿಸುತ್ತದೆ. ಎಸ್‌ಒಎಸ್1 ಕೋಶದ ಪೊರೆಯಲ್ಲೇ ಕೂತಿರುವ ಬಾಗಿಲು ಕಾಯುವವನು: ಹೈಡ್ರೋಜನ್ ಅಯಾನನ್ನು ಒಳಗೆ ಬಿಟ್ಟು ಉಪ್ಪಿನಲ್ಲಿರುವ ಸೋಡಿಯಂ ಅನ್ನು ಆಚೆ ತಳ್ಳುತ್ತದೆ. ತಳ್ಳಲಾಗದೆ ಉಳಿದದ್ದರಲ್ಲಿ ಒಂದಿಷ್ಟನ್ನು ಕೋಶವೇ ತನ್ನೊಳಗಿನ ದೊಡ್ಡ ನೀರ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತದೆ. ಇನ್ನೊಂದು ಕಡೆ ಅಬ್ಸಿಸಿಕ್ ಆಮ್ಲ ಎಂಬ ಗಿಡದ ಹಾರ್ಮೋನು ಜಾಸ್ತಿಯಾಗಿ ಎಲೆಯ ರಂಧ್ರ ಮುಚ್ಚುತ್ತದೆ, ನೀರು ಉಳಿಯಲಿ ಅಂತ.

ನಿಮ್ಮ ಸಮಸ್ಯೆ ಇರುವುದು ಇಲ್ಲೇ. ಸಾಫ್ಟನರ್ ನೀರಿನ ಕ್ಯಾಲ್ಸಿಯಂ ಕಿತ್ತುಕೊಂಡು ಬದಲಿಗೆ ಸೋಡಿಯಂ ಕೊಡುತ್ತದೆ. ಅಂದರೆ ಗಿಡಕ್ಕೆ ಎರಡೂ ಕಡೆಯಿಂದ ಏಟು. ಸಾಫ್ಟನರ್‌ಗೆ ಮೊದಲಿನ ನಲ್ಲಿ ಇದ್ದರೆ ಅದೇ ನೀರು ಹಾಕಿ, ಅದು ಗಡುಸಾದರೂ ಇದಕ್ಕಿಂತ ವಾಸಿ. ಮಳೆ ನೀರು ಸಿಕ್ಕರಂತೂ ಕುಂಡದ ತಳದಿಂದ ಹರಿದುಹೋಗುವಷ್ಟು ಸುರಿಯಿರಿ. ನಮ್ಮ ಟೆರೇಸಿನ ಗಿಡ ಹಾಗೇ ಚಿಗುರಿತು, ಸುಟ್ಟ ಎಲೆ ಮಾತ್ರ ಹಸಿರಾಗಲಿಲ್ಲ.