ಆರು ಬಾಂಡು, ಅರ್ಧ ಮಾತ್ರೆ

ಜಗಳ ಶುರುವಾಗಿದ್ದು ಸರದಿಂದ. ಹೆಂಡತಿಯ ಎರಡೆಳೆ ಸರವನ್ನು ಗಂಡ ಹೇಳದೆ ಕೇಳದೆ ಅಡ ಇಟ್ಟಿದ್ದರು. ಆಕೆ ಮೂರು ದಿನ ಮಾತು ಬಿಟ್ಟರು, ನಾಲ್ಕನೇ ದಿನ ಅವರನ್ನು ಎಳೆದುಕೊಂಡೇ ಕುಟುಂಬ ಸಲಹೆಗಾರ್ತಿಯಾದ ನನ್ನ ಹತ್ತಿರ ಬಂದರು. ಇದು 2025ರ ಜುಲೈ ತಿಂಗಳ ಮಾತು, ಹಾಸನದಲ್ಲಿ.

ಹೆಸರು ಬೇಡ. ಊರು, ಮಕ್ಕಳ ವಿವರ, ಇನ್ನೂ ಒಂದೆರಡು ಸಂಗತಿ ಬದಲಿಸಿದ್ದೇನೆ. ದುಡ್ಡಿನ ಲೆಕ್ಕ ಮಾತ್ರ ಹೆಚ್ಚುಕಡಿಮೆ ಹಾಗೇ ಇದೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಗಂಡನಿಗೆ 42. ಸ್ವಂತ ಗೂಡ್ಸ್ ಗಾಡಿ ಇದೆ. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ತರಕಾರಿ ಹೊಡೆಯುತ್ತಾರೆ. ಆಕೆಗೆ 36, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಒಂಬತ್ತನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಜೊತೆಗೆ ಗಂಡನ ತಾಯಿ, 63 ವರ್ಷ.

ಸರ ಅಡ ಇಟ್ಟು ಏನು ಮಾಡಿದಿರಿ ಅಂತ ಕೇಳಿದೆ. ಕುಡಿತವೋ, ಇಸ್ಪೀಟೋ, ಆನ್‌ಲೈನ್ ಆಟವೋ ಇರಬೇಕು ಅಂದುಕೊಂಡಿದ್ದೆ. ಸುಳ್ಳೇಕೆ ಹೇಳಲಿ, ನಮ್ಮ ಕಸುಬಿನಲ್ಲಿ ಮೊದಲು ತಲೆಗೆ ಬರುವುದು ಅದೇ. ಅವರು ಬಟ್ಟೆ ಅಂಗಡಿಯ ಒಂದು ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಒಳಗಿದ್ದದ್ದು ಇನ್ಶೂರೆನ್ಸ್ ಬಾಂಡುಗಳು. ಒಂದಲ್ಲ, ಆರು. ಆರನೆಯದಕ್ಕೆ ಕಟ್ಟಿದ 30,000 ರೂಪಾಯಿಯೇ ಆ ಸರ.

"ಇವ್ರು ಸತ್ತ ಮೇಲೆ ನಾನು ಚೆನ್ನಾಗಿರ್ತೀನಂತೆ ಮೇಡಂ. ಬದುಕಿರೋವಾಗ ಏನು ಮಾಡ್ಲಿ, ಅದನ್ನ ಕೇಳಿ," ಅಂದರು ಆಕೆ.

ಆ ಎರಡು ತಿಂಗಳು ಹಾಸನದಲ್ಲಿ ಇದ್ದವರಿಗೆ ಹಿನ್ನೆಲೆ ಹೇಳಬೇಕಾಗಿಲ್ಲ. ಮೇ, ಜೂನ್‌ನಲ್ಲಿ ಸುಮಾರು 40 ದಿನದೊಳಗೆ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಟಿವಿಯಲ್ಲಿ ದಿನವೂ ಎಣಿಕೆ ನಡೆಯುತ್ತಿತ್ತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರಿದ್ದರು, ಆಟೋ, ಕ್ಯಾಬ್ ಓಡಿಸುವವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಸಾಲು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ಸಾವು ಅಸಹಜವಾಗಿ ಏರಿಲ್ಲ, ಬಿಪಿ, ಶುಗರ್, ಬೊಜ್ಜು, ಸಿಗರೇಟಿನಂಥ ಗೊತ್ತಿರುವ ಕಾರಣಗಳೇ ಅಂತ ಜುಲೈನಲ್ಲಿ ವರದಿ ಬಂತು. ಆ ಹೊತ್ತಿಗೆ ಸರ ಅಡಕ್ಕೆ ಹೋಗಿಯಾಗಿತ್ತು.

ಇವರ ಭಯಕ್ಕೆ ಟಿವಿಗಿಂತ ಹಳೆಯ ಬೇರು ಬೇರೆ ಇತ್ತು. ಅಪ್ಪ 54ಕ್ಕೆ ಹೋದವರು. ರಾತ್ರಿ ಎದೆ ಉರಿ ಅಂದರು. ಗ್ಯಾಸ್ಟ್ರಿಕ್ ಇರಬೇಕು ಅಂತ ಮನೆಯವರು ಸೋಡಾ ತಂದುಕೊಟ್ಟರು, ಓಮದ ನೀರು ಕುಡಿಸಿದರು. ಬೆಳಿಗ್ಗೆ ಏಳಲಿಲ್ಲ. ಸೋಡಾ ತಂದವರು ಇವರೇ. ಸಾಲ ತೀರಿಸಲು ಅರ್ಧ ಎಕರೆ ಹೋಯಿತು.

"ನಂಗೆ ಇನ್ನು ಹನ್ನೆರಡು ವರ್ಷ ಮೇಡಂ," ಅಂದರು. ಗಾಡಿಯ ಎಫ್‌ಸಿ ಯಾವಾಗ ಮುಗಿಯುತ್ತೆ ಅಂತ ಹೇಳುವ ಹಾಗೆ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ಅಂಕಿ ಹೇಳಿ ಧೈರ್ಯ ತುಂಬೋಣ ಅಂತ ಹೊರಟೆ. ಭಾರತೀಯರ ಸರಾಸರಿ ಆಯಸ್ಸು ಈಗ 70 ವರ್ಷ, 2016ರಿಂದ 20ರವರೆಗಿನ ಸರ್ಕಾರಿ ಲೆಕ್ಕದಲ್ಲಿ ಗಂಡಸರಿಗೆ 68.6, ಹೆಂಗಸರಿಗೆ 71.4 ಅಂದೆ. ಅವರು ಮನಸ್ಸಿನಲ್ಲೇ ಕಳೆದು, "ಹಾಗಾದ್ರೆ ನಮ್ಮವ್ವಂಗೆ ಎಂಟೇ ವರ್ಷ," ಅಂದರು. ಭಯ ಹೊತ್ತವರ ಕೈಗೆ ಸರಾಸರಿ ಕೊಟ್ಟರೆ ಅದನ್ನೂ ಭಯಕ್ಕೇ ಕಟ್ಟಿಕೊಳ್ಳುತ್ತಾರೆ.

ಮುಂದಿನ ಸಲ ಬೇರೆ ಥರ ಹೇಳಿದೆ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ಸರಾಸರಿ ಆಯಸ್ಸು ಸುಮಾರು 32. ಹಾಗಂತ ನಿಮ್ಮ ಮುತ್ತಜ್ಜಿಯರೆಲ್ಲ 32ಕ್ಕೆ ಸತ್ತರಾ? ಇಲ್ಲ, ಅಲ್ವಾ? ತೊಟ್ಟಿಲಲ್ಲೇ ಹೋದ ಕೂಸುಗಳ ಲೆಕ್ಕ ಸೇರಿ ಸರಾಸರಿ ಕೆಳಗೆ ಇಳಿದಿತ್ತು. ಹುಟ್ಟಿದ ದಿನದಿಂದ ಹಿಡಿದ ಲೆಕ್ಕ ಅದು. 60 ದಾಟಿದವರ ಲೆಕ್ಕವೇ ಬೇರೆ. ನಮ್ಮ ದೇಶದಲ್ಲಿ 60 ಮುಟ್ಟಿದವರು ಸರಾಸರಿ ಇನ್ನೂ 18 ವರ್ಷದಷ್ಟು ಬದುಕುತ್ತಾರೆ, ಹೆಂಗಸರು ಸ್ವಲ್ಪ ಜಾಸ್ತಿಯೇ. ನಿಮ್ಮ ತಾಯಿ 80 ನೋಡಿದರೂ ಆಶ್ಚರ್ಯ ಇಲ್ಲ.

ಆಮೇಲೆ ಕೇಳಿದೆ: "ನೀವು 54 ದಾಟಿಬಿಟ್ಟರೆ?"

ಅವರು ಹೆಂಡತಿಯ ಮುಖ ನೋಡಿದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. 55ನೇ ವರ್ಷಕ್ಕೆ ಅವರ ಹತ್ತಿರ ಒಂದು ರೂಪಾಯಿಯ ಯೋಜನೆಯೂ ಇರಲಿಲ್ಲ.

ಲೆಕ್ಕ ಬರೆಯಲು ಮಗಳ ನೋಟ್‌ಬುಕ್ ತಂದಿದ್ದರು. ಡೀಸೆಲ್, ಗಾಡಿ ಕಂತು ಕಳೆದು ಅವರಿಗೆ ಉಳಿಯೋದು ತಿಂಗಳಿಗೆ 24,000. ಆಕೆಯ ಕೈಗೆ ಬರೋದು 11,800. ಒಟ್ಟು 35,800. ಪಾಲಿಸಿಗಳಿಗೆ ತಿಂಗಳ ಲೆಕ್ಕದಲ್ಲಿ 11,000, ಬಾಡಿಗೆ 6,500, ಚೀಟಿ 5,000, ಶಾಲೆ 4,000, ಸಂಘದ ಸಾಲ 3,200. ಐದು ಜನರ ಊಟ, ಗ್ಯಾಸ್, ಕರೆಂಟು, ಔಷಧಿ, ಹಬ್ಬ, ಮದುವೆ ಮುಯ್ಯಿ ಎಲ್ಲಕ್ಕೂ ಸೇರಿ ಉಳಿಯೋದು 6,100. ರೇಷನ್ ಅಕ್ಕಿ, ಊರಿಂದ ಬರುವ ರಾಗಿ ಇಲ್ಲದಿದ್ದರೆ ಆ ಮನೆ ನಡೆಯುವುದೇ ಇಲ್ಲ.

ಸರಿ, ಇಷ್ಟೆಲ್ಲ ಕಟ್ಟಿದ್ದಕ್ಕೆ ಅವರು ಇಲ್ಲವಾದರೆ ಮನೆಗೆ ಬರೋದು ಎಷ್ಟು? ಆರೂ ಬಾಂಡು ಬಿಡಿಸಿ ಕೂಡಿದೆವು. 14 ಲಕ್ಷ. ಗಾಡಿ ಸಾಲ 4 ಲಕ್ಷ ಕಳೆದರೆ 10 ಲಕ್ಷ. ಅವರ ಸಂಪಾದನೆ ವರ್ಷಕ್ಕೆ 2,88,000. ಅಂದರೆ ಮೂರೂವರೆ ವರ್ಷದ ದುಡ್ಡು. ಮಗಳ ಪಿಯುಸಿ ಮುಗಿಯೋ ಹೊತ್ತಿಗೆ ಖಾಲಿ. ಆರಕ್ಕೆ ಆರೂ ಎಂಡೋಮೆಂಟ್, ಮನಿ ಬ್ಯಾಕ್ ಥರದವು. ಉಳಿತಾಯವೂ ಹೌದು, ವಿಮೆಯೂ ಹೌದು ಅಂತ ಮಾರುವಂಥವು. ಎರಡೂ ಕೆಲಸ ಅರೆಬರೆ. ಮಾರಿದವರು ದೊಡ್ಡಪ್ಪನ ಮಗ. ನಮ್ಮ ಕಡೆ ಏಜೆಂಟ್ ಅಂದರೆ ಯಾವಾಗಲೂ ನೆಂಟರೇ, ಬೇಡ ಅನ್ನೋಕೆ ಬಾಯಿ ಬರುವುದಿಲ್ಲ.

ಕೂಡುವಾಗ ಅತಿ ಹಳೆಯ ಬಾಂಡು ನನ್ನ ಕೈಗೆ ಬಂತು. ಮದುವೆಗೆ ಮುಂಚೆ ಮಾಡಿಸಿದ್ದು. ನಾಮಿನಿ ಜಾಗದಲ್ಲಿ ಅಪ್ಪನ ಹೆಸರು. ಅಪ್ಪ ಹೋಗಿ ಎಷ್ಟೋ ವರ್ಷ ಆಗಿತ್ತು. ಕಂತು ಒಂದೂ ತಪ್ಪಿಲ್ಲ, ಹೆಸರು ಮಾತ್ರ ಹಾಗೇ ಇತ್ತು. ಅವರು ಬಾಂಡಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ನಾನೂ ಮಾತಾಡಲಿಲ್ಲ.

ಇನ್ನೊಂದು ಸಂಗತಿ ಹೇಳಿದವರು ಆಕೆ. ಅತ್ತೆಗೆ ಬಿಪಿ ಇದೆ. ಅತ್ತೆ ದಿನದ ಮಾತ್ರೆಯನ್ನು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಒಂದನ್ನು ನಾಳೆಗೆ ಎತ್ತಿಡುತ್ತಾರೆ. "ನಾನಿನ್ನೆಷ್ಟು ದಿನ ಇರ್ತೀನಿ, ನನ್ನ ಮಗ ಇರ್ಲಿ" ಅನ್ನುತ್ತಾರಂತೆ. ಗೃಹಲಕ್ಷ್ಮಿಯ 2,000 ಬಂದಾಗ ಅದನ್ನೂ ಮಗನ ಕಂತಿಗೇ ಕೊಡುತ್ತಾರೆ. ಮಗನಿಗೆ ಮಾತ್ರೆಯ ವಿಷಯ ಗೊತ್ತೇ ಇರಲಿಲ್ಲ. ಸಾಯುವ ಭಯಕ್ಕೆ ತಿಂಗಳಿಗೆ 11,000 ಹೋಗುತ್ತಿತ್ತು, ಸಾವನ್ನು ಮುಂದಕ್ಕೆ ತಳ್ಳುವ ಮಾತ್ರೆಗೆ ಅಡಕತ್ತರಿ ಬೀಳುತ್ತಿತ್ತು. ನನ್ನ ಟಿಪ್ಪಣಿಯಲ್ಲಿ ಈ ಸಾಲಿಗೆ ಎರಡು ಗೆರೆ ಎಳೆದಿದ್ದೇನೆ.

ಮೊದಲ ಸಲಹೆ ದುಡ್ಡಿನದಲ್ಲ. ನಿಮ್ಮ ಬಿಪಿಯನ್ನೂ ನೋಡಿಸಿ ಬನ್ನಿ ಅಂತ ಗಂಡನಿಗೆ ಅಂದೆ. ನೋಡಿಸಿದರು, 158/98. ದಿನಕ್ಕೆ ಎಂಟು ಸಿಗರೇಟು ಬೇರೆ. ದೇಶದಲ್ಲಿ 1990ರಲ್ಲಿ ನೂರು ಸಾವಿನಲ್ಲಿ 38ರಷ್ಟು ಹೃದಯ, ಪಾರ್ಶ್ವವಾಯು, ಶ್ವಾಸಕೋಶ, ಶುಗರ್, ಕ್ಯಾನ್ಸರ್‌ನಂಥ, ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳದ್ದು. 2016ಕ್ಕೆ ಅದು 62ರ ಹತ್ತಿರ ಬಂತು. ಹೃದಯ ಮತ್ತು ರಕ್ತನಾಳದ ಕಾಯಿಲೆಯೊಂದೇ 28. ಅಂದರೆ ಇವರ ಭಯ ಹುಚ್ಚು ಭಯವಲ್ಲ. ಅಪ್ಪನಿಗೆ ಬಂದದ್ದು ಮಗನಿಗೆ ಬರುವ ಸಾಧ್ಯತೆ ಜಾಸ್ತಿಯೇ. ಆದರೆ ಇದು ಹಣೆಬರಹದ ತಾರೀಖಲ್ಲ. ಬಿಪಿ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ, ತಾಯಿಗೂ, ಮಗನಿಗೂ. ಸಿಗರೇಟಿಗೆ ತಿಂಗಳಿಗೆ 2,400 ಹೋಗುತ್ತಿತ್ತು.

ಎದೆ ನೋವು ಬಂದರೆ ಏನು ಮಾಡಬೇಕು ಅನ್ನುವುದನ್ನು ಮನೆಯವರೆಲ್ಲ ಬಾಯಿಪಾಠ ಮಾಡಬೇಕು ಅಂದೆ. ಸೋಡಾ ಇಲ್ಲ, ಓಮ ಇಲ್ಲ. 108ಕ್ಕೆ ಫೋನು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆದರೆ ಬೇಗ ಹೋಗಬೇಕು. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. ಆವತ್ತು ನೀವು ಹುಡುಗ, ಸೋಡಾ ತರಲು ಹೇಳಿದರು, ತಂದಿರಿ ಅಂದೆ. ಅಷ್ಟು ಸಾಕಾಯಿತು. ಆ ದಿನ ಲೆಕ್ಕದ ಪುಸ್ತಕ ತೆರೆಯಲಿಲ್ಲ.

ಪಾಲಿಸಿಗಳ ವಿಷಯ. ನಾನು ಹಣಕಾಸಿನ ಪಂಡಿತೆ ಅಲ್ಲ, ಕುಟುಂಬ ಸಲಹೆಗಾರ್ತಿ. ಆದರೂ ಕೆಲವು ನಿಯಮ ಗೊತ್ತಿರದೆ ಈ ಕೆಲಸ ನಡೆಯುವುದಿಲ್ಲ. ಹೊಸ ಬಾಂಡು ಕೈಗೆ ಬಂದು 19 ದಿನ ಆಗಿತ್ತು. ಬಾಂಡು ಸಿಕ್ಕಿದ 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟು ವಾಪಸ್ ಮಾಡಬಹುದು. ಸ್ಟಾಂಪ್ ಡ್ಯೂಟಿ, ಅಷ್ಟು ದಿನದ ವಿಮೆಯ ಖರ್ಚು, ಮೆಡಿಕಲ್ ಮಾಡಿಸಿದ್ದರೆ ಅದರ ಖರ್ಚು ಹಿಡಿದುಕೊಂಡು ಉಳಿದದ್ದು ಕೊಡಬೇಕು. ಪಾಲಿಸಿ ಮಾರಿದ ಅಣ್ಣನ ಹತ್ತಿರ ಹೇಗೆ ಹೇಳೋದು ಅಂತ ಎರಡು ದಿನ ಒದ್ದಾಡಿದರು. ಕೊನೆಗೆ ಅಣ್ಣನಿಗೆ ಹೇಳದೆ ನೇರ ಶಾಖೆಗೆ ಹೋಗಿ ಕೊಟ್ಟರು. ದುಡ್ಡು ಬಂತು, ಸರ ಬಿಡಿಸಿಕೊಂಡರು. ಅಣ್ಣ ಗಣೇಶನ ಹಬ್ಬಕ್ಕೆ ಬರಲಿಲ್ಲ.

ಉಳಿದ ಐದನ್ನು ಸಿಟ್ಟಿನಲ್ಲಿ ಮುರಿಯಬೇಡಿ ಅಂದೆ. ಅರ್ಧಕ್ಕೆ ಮುರಿದರೆ ನಷ್ಟ ದೊಡ್ಡದು. ಒಂದೊಂದಕ್ಕೂ ಈಗ ಬಿಟ್ಟರೆ ಎಷ್ಟು, ಕಂತು ನಿಲ್ಲಿಸಿ ಪೇಡ್‌ಅಪ್ ಮಾಡಿದರೆ, ಅಂದರೆ ಕಟ್ಟಿದಷ್ಟಕ್ಕೇ ಪಾಲಿಸಿ ಉಳಿಸಿಕೊಂಡರೆ ಕೊನೆಗೆ ಎಷ್ಟು ಅಂತ ಶಾಖೆಯಿಂದ ಬರೆಸಿಕೊಂಡು ಬರಲು ಕಳಿಸಿದೆ. ಬಾಯಿಮಾತು ಬೇಡ, ಚೀಟಿ ಬೇಕು. ಮುಗಿಯಲು ಹತ್ತಿರ ಬಂದ ಹಳೆಯ ಮೂರನ್ನು ಉಳಿಸಿಕೊಂಡರು, ಎರಡನ್ನು ಪೇಡ್‌ಅಪ್ ಮಾಡಿದರು. ತಿಂಗಳಿಗೆ 11,000 ಇದ್ದದ್ದು 4,600ಕ್ಕೆ ಇಳಿಯಿತು.

ಉಳಿದ ದುಡ್ಡಿನಲ್ಲಿ ಒಂದು ಟರ್ಮ್ ಪಾಲಿಸಿ, ಅಂದರೆ ಸತ್ತರೆ ಮಾತ್ರ ದುಡ್ಡು ಬರುವ ಬರೀ ವಿಮೆ. ಬದುಕಿದ್ದರೆ ಏನೂ ವಾಪಸ್ ಬರಲ್ಲ ಅಂತ ಅವರಿಗೆ ಅದು ರುಚಿಸಲಿಲ್ಲ. "ಗಾಡಿ ಇನ್ಶೂರೆನ್ಸ್ ಕಟ್ತೀರಲ್ಲ, ಆಕ್ಸಿಡೆಂಟ್ ಆಗಿಲ್ಲ ಅಂತ ದುಡ್ಡು ವಾಪಸ್ ಕೇಳ್ತೀರಾ?" ಅಂದಾಗ ನಕ್ಕರು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದೆ: ಫಾರಂನಲ್ಲಿ ಬಿಪಿ, ಸಿಗರೇಟು, ಅಪ್ಪನ ಸಾವು ಮೂರನ್ನೂ ಬರೆಯಿರಿ. ಕಂತು ಜಾಸ್ತಿ ಆಗುತ್ತೆ, ಆಗಲಿ. ಪಾಲಿಸಿಯ ಮೊದಲ ಮೂರು ವರ್ಷದಲ್ಲಿ ಮುಚ್ಚಿಟ್ಟದ್ದು ಹೊರಬಿದ್ದರೆ ಕ್ಲೇಮ್ ಬಿದ್ದುಹೋಗಬಹುದು. ವಾಪಸ್ ಕೊಟ್ಟ ಆ ಆರನೇ ಬಾಂಡಿನಲ್ಲಿ ಎಲ್ಲದಕ್ಕೂ "ಇಲ್ಲ" ಅಂತ ಬರೆದಿತ್ತು. ಬರೆದವರು ಅಣ್ಣ, ಸಹಿ ಮಾತ್ರ ಇವರದು.

ಎದೆಯ ಚಿಂತೆಯಲ್ಲಿ ರಸ್ತೆ ಮರೆತೇಹೋಗಿತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ರಾತ್ರಿ ಶಿರಾಡಿ ಇಳಿಯುವವರಿಗೆ ನಾನೇನು ಹೇಳಲಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಇದೆ, ಅಪಘಾತಕ್ಕೆ 2 ಲಕ್ಷ. 436 ರೂಪಾಯಿಯ ಜೀವನ್ ಜ್ಯೋತಿ ಇದೆ, ಯಾವ ಸಾವಿಗೂ 2 ಲಕ್ಷ, 50 ವರ್ಷದೊಳಗೆ ಸೇರಬೇಕು. ಗಂಡ ಹೆಂಡತಿ ಇಬ್ಬರೂ ಎರಡಕ್ಕೂ ಸೇರಿದರು.

ಆಕೆಗೆ ಏನೂ ಇಲ್ಲ ಅಂತಲೇ ಇಬ್ಬರೂ ನಂಬಿದ್ದರು. ಸಂಬಳದ ಚೀಟಿ ತರಿಸಿದೆ. ಅದರಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ ಅಂತ 102 ರೂಪಾಯಿ ಹಿಡಿದಿದ್ದರು. ಆ 102 ರೂಪಾಯಿಯಲ್ಲಿ ಗಂಡನಿಗೂ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಕಾರ್ಡಿನಲ್ಲಿ ಅವರ ಹೆಸರೇ ಸೇರಿಸಿರಲಿಲ್ಲ. ಪಿಎಫ್ ಜೊತೆಗೆ ಇಡಿಎಲ್‌ಐ ಅಂತ ಒಂದು ವಿಮೆ ಇರುತ್ತದೆ, ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ ಗರಿಷ್ಠ 7 ಲಕ್ಷದವರೆಗೆ. ಅದಕ್ಕೆ ಕೆಲಸಗಾರರು ಒಂದು ಪೈಸೆ ಕಟ್ಟುವುದಿಲ್ಲ. ಆರು ಬಾಂಡಿನ ಯಜಮಾನರು ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿಂದೇ ಪರವಾಗಿಲ್ಲ ಕಣೇ," ಅಂದರು.

ಇನ್ನು 54ರ ಆಚೆ. ಅಟಲ್ ಪಿಂಚಣಿಗೆ 40ರೊಳಗೆ ಸೇರಬೇಕು, ಅವರ ವಯಸ್ಸು ದಾಟಿದೆ. ಆಕೆ ಸೇರಿದರು, ತಿಂಗಳಿಗೆ 990, 60 ತುಂಬಿದ ಮೇಲೆ ತಿಂಗಳಿಗೆ 5,000. ಇನ್ನು 24 ವರ್ಷಕ್ಕೆ 5,000 ಅಂದರೆ ಏನು ಬರುತ್ತೋ, ತರಕಾರಿಗೆ ಆಗಬಹುದು. ಅಷ್ಟಾದರೂ ಆಕೆಯ ಹೆಸರಲ್ಲಿ ಬರಲಿ. ಅತ್ತೆಯ 2,000 ಇನ್ನು ಮುಂದೆ ಅತ್ತೆಯ ಖಾತೆಯಲ್ಲೇ ಇರಬೇಕು ಅಂತ ಸೊಸೆಯೇ ಹಟ ಹಿಡಿದರು.

ನವೆಂಬರ್‌ನಲ್ಲಿ ಕೊನೆಯ ಸಲ ಬಂದಾಗ ಬಿಪಿ 136/86. ಸಿಗರೇಟು ಮೂರಕ್ಕೆ ಇಳಿದಿದೆ ಅಂದರು. ಐದಿರಬಹುದು ಅಂತ ನನ್ನ ಅನುಮಾನ, ಆಕೆಯ ಮುಖದಲ್ಲೂ ಅದೇ ಇತ್ತು. ಅಡಕತ್ತರಿ ಈಗ ಅಡಿಕೆಗೆ ಮಾತ್ರ.

ಹಳೆಯ ಬಾಂಡಿನ ನಾಮಿನಿ ಬದಲಿಸಲು ಹೋದ ದಿನದ ಕಥೆ ಆಕೆಯೇ ಹೇಳಿದರು. ಇವರು ಶಾಖೆಯಲ್ಲಿ ಅಪ್ಪನ ಜಾಗಕ್ಕೆ ಹೆಂಡತಿಯ ಹೆಸರು ಬರೆದಿದ್ದಾರೆ. ಫಾರಂನಲ್ಲಿ ಅದರ ಮುಂದೆ ಆಕೆ ಹುಟ್ಟಿದ ತಾರೀಖು ಬರೆಯಬೇಕಿತ್ತು. ಗೊತ್ತಿಲ್ಲ. ಗಾರ್ಮೆಂಟ್ಸ್‌ಗೆ ಫೋನು, ಲೈನ್ ನಿಲ್ಲಿಸಿ ಸೂಪರ್‌ವೈಸರ್ ಕರೆದಿದ್ದಾರೆ. ಏನೋ ಆಗಿಹೋಯಿತು ಅಂತ ಆಕೆ ಎದೆ ಹಿಡಿದುಕೊಂಡು ಓಡಿಬಂದರೆ, ಆ ಕಡೆಯಿಂದ, "ನೀನು ಹುಟ್ಟಿದ್ದು ಯಾವತ್ತೇ?"

"ಮದ್ವೆಯಾಗಿ ಹದಿನಾರು ವರ್ಷ ಆಯ್ತು ಮೇಡಂ," ಅಂದರು ಆಕೆ. ಗಂಡ ಕಿಟಕಿ ಕಡೆ ನೋಡುತ್ತಾ ಕೂತಿದ್ದರು.